ಸಾಲದ ಕಾಯ್ದೆ, ತಾಲ್ಲೂಕಿನ ಪಾಲು



ಬಜೆಟ್ ಅಂದ ಕೂಡಲೇ ನಮ್ಮ ಹುಡುಗರು ಬೀಡಿ ಸೇದೋಕೆ ಆಚೆ ಎದ್ದು ಹೋಗ್ತಾರೆ. ಇವತ್ತು ಸ್ವಲ್ಪ ಕೂತ್ಕೊಳ್ಳಿ.

2002ರಲ್ಲಿ ಕರ್ನಾಟಕದಲ್ಲಿ ಎರಡು ಕೆಲಸ ಆದವು. ಒಂದು, ವಿತ್ತೀಯ ಹೊಣೆಗಾರಿಕೆ ಕಾಯ್ದೆ. ಕೊರತೆಯನ್ನು ರಾಜ್ಯದ ಒಟ್ಟು ಉತ್ಪನ್ನದ ಶೇ. 3ರೊಳಗೆ ತರಬೇಕು ಎಂಬುದು ಅದರ ಗುರಿ. ಇನ್ನೊಂದು, ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು ಎಂದು ಅದು ಎಣಿಸಿ ಹೇಳಿತು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ಯೋಜನೆಯನ್ನೂ ಮುಂದಿಟ್ಟಿತು.

ಸಾಲ ತಗ್ಗಿಸೋದು ತಪ್ಪು ಅಂತ ನಾನು ಹೇಳೊಲ್ಲ. ಬಡ್ಡಿ ಅಂದ್ರೇನು ಅಂತ ನಮ್ಮ ಅಪ್ಪಂದಿರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಸರ್ಕಾರದ ಕತ್ತರಿ ಸಂಬಳ, ಪಿಂಚಣಿ, ಬಡ್ಡಿಯ ಹತ್ತಿರ ಸುಲಭಕ್ಕೆ ಹೋಗೊಲ್ಲ. ಅದು ಬೀಳೋದು ಇನ್ನೂ ಕಟ್ಟದ ಕಾಲುವೆ, ರಸ್ತೆ, ಹಾಸ್ಟೆಲಿನ ಮೇಲೆ. ಕಟ್ಟದೆ ಉಳಿದಿರೋದು ಎಲ್ಲಿ? ದೇವದುರ್ಗದಂಥ ಕಡೆ. ಅಲ್ಲಿ ಹೊಲಕ್ಕೆ ನೀರು ಹರಿಯದೆ, ಹುಡುಗರು ಓದದೆ, ವ್ಯಾಪಾರ ಎಲ್ಲಿಂದ ಬೆಳೀಬೇಕು? ತೆರಿಗೆ ಎಲ್ಲಿಂದ ಬರಬೇಕು? ತೆರಿಗೆ ಬರದಿದ್ದರೆ ಸರ್ಕಾರ ಮತ್ತೆ ಸಾಲಕ್ಕೇ ಕೈಚಾಚಬೇಕು. ಅದಕ್ಕೇ ಮೊದಲ ಕಾಯ್ದೆ ಗೆಲ್ಲಬೇಕಾದ್ರೆ ಎರಡನೆಯ ವರದಿ ಜಾರಿಯಾಗಬೇಕು.

ಒಂದು ತಕರಾರು ನನ್ನದಿದೆ. ವರದಿ ಅಳೆದದ್ದು ತಾಲ್ಲೂಕಿನ ಸರಾಸರಿ. ಸರಾಸರಿಯಲ್ಲಿ ಊರೂ ಕೇರಿಯೂ ಒಂದೇ! 2013ರ ಪರಿಶಿಷ್ಟರ ಉಪಯೋಜನೆ ಕಾಯ್ದೆ ಜನಸಂಖ್ಯೆಗೆ ತಕ್ಕ ಹಣ ಇಡಬೇಕು ಅನ್ನುತ್ತೆ. ರಜೆಗೆ ಊರಿಗೆ ಹೋದಾಗ ಅದನ್ನು ಕೈಲಿ ಹಿಡಿದು ತಾಲ್ಲೂಕು ಆಫೀಸಲ್ಲಿ ಕೇಳಿ: ನಮ್ಮ ಕೇರಿಗೆ ಎಷ್ಟು ಬಂತು, ಸ್ವಾಮಿ?