ಹೇಳಿ ಹೋಗುವುದು

ನೂಲ ಹುಣ್ಣಿಮೆ ಕಳೆದ ಮೇಲೆ ಮಲ್ಪೆಯ ದಂಡೆಯಲ್ಲಿ ಒಂದು ತೆಂಗಿನಕಾಯಿ. ಜುಟ್ಟಿಗೆ ಹೂಮಾಲೆಯ ನೂಲು ಸಿಕ್ಕಿಕೊಂಡಿತ್ತು. ಹುಡುಗನೊಬ್ಬ ಎತ್ತಿಕೊಳ್ಳಲು ಬಗ್ಗಿದ. ಜೊತೆಯವನು ತಡೆದ: "ಬೇಡ ಮಾರಾಯ, ಅದು ಕಡಲಿಗೆ ಕೊಟ್ಟದ್ದು." ಮೊದಲಿನವನೂ ಸುಮ್ಮನಿರುವವನಲ್ಲ. "ಕಡಲೇ ವಾಪಸ್ ಕೊಟ್ಟಿದೆಯಲ್ಲ!"

ಇಬ್ಬರ ಮಾತೂ ಸರಿ ಎನಿಸಿತು ನನಗೆ.

ಅದೇ ಹುಣ್ಣಿಮೆಯ ಸಮುದ್ರ ಪೂಜೆಯ ದಿನ ಇಲ್ಲಿನ ಮೀನುಗಾರರಾದ ಮೊಗವೀರರು ವಡಭಾಂಡೇಶ್ವರದ ಬಲರಾಮನಿಗೆ ಪೂಜೆ ಸಲ್ಲಿಸಿ, ಮೆರವಣಿಗೆಯಲ್ಲಿ ದಂಡೆಗೆ ಬಂದು, ಹಾಲೆರೆದು ಹೂವು ಕಾಯಿ ಅರ್ಪಿಸುತ್ತಾರೆ. ಅಷ್ಟು ದೊಡ್ಡ ಕಡಲಿಗೆ ಒಂದು ಚೊಂಬು ಹಾಲು ಯಾವ ಲೆಕ್ಕ? ಭಯಕ್ಕೆ ಮಾಡುತ್ತಾರೆ ಎನ್ನುವವರಿದ್ದಾರೆ. ಭಯ ಇಲ್ಲದೆ ಏನು! ಶ್ರಾವಣದ ಕಡಲು ಇನ್ನೂ ಪೂರ್ತಿ ತಣ್ಣಗಾಗಿರುವುದಿಲ್ಲ. ಅಳಿವೆ ಬಾಗಿಲಲ್ಲಿ ದೋಣಿ ಮಗುಚಿದ ಸುದ್ದಿ ನಾವೆಲ್ಲ ಓದಿದವರೇ.

ಆದರೂ ಬರೀ ಭಯ ಅನ್ನಲು ಮನಸ್ಸಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸರಕಾರದ ಲೆಕ್ಕದಲ್ಲಿ ಆಗಸ್ಟ್ 1ಕ್ಕೆ ದಾರಿ ತೆರೆಯಿತು. ಹುಣ್ಣಿಮೆಯೋ ಕೆಲವು ವರ್ಷ ಆಗಸ್ಟ್ ಮೊದಲಿಗೇ ಬರುತ್ತದೆ, ಕೆಲವು ವರ್ಷ ತಿಂಗಳ ಕೊನೆಗೆ ಹೋಗುತ್ತದೆ. ಅಂದರೆ ಸರಕಾರದ ಅಪ್ಪಣೆಗೂ ಪೂಜೆಗೂ ಸಂಬಂಧವಿಲ್ಲ. ಅಲ್ಲೇ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ, "ಪೂಜೆ ಮಾಡದಿದ್ದರೆ ಏನಾಗ್ತದೆ?"

"ಏನೂ ಆಗ್ಲಿಕ್ಕಿಲ್ಲ," ಅಂದರು, ಕೈಕೆಲಸ ನಿಲ್ಲಿಸದೆ. "ಆದ್ರೆ ಹೇಳದೆ ಹೋದ ಹಾಗೆ ಆಗ್ತದೆ."

ಎರಡು ತಿಂಗಳು ಮುಖ ತೋರಿಸದಿದ್ದು ನೆಂಟರ ಮನೆಗೆ ನಾವೂ ಬರಿಗೈಯಲ್ಲಿ ಹೋಗುವುದಿಲ್ಲವಷ್ಟೆ. ಒಯ್ದ ಹಣ್ಣಿನಿಂದ ಅವರ ಹೊಟ್ಟೆ ತುಂಬುತ್ತದೆಂದು ಯಾರೂ ಎಣಿಸುವುದಿಲ್ಲ.

ಮೀನುಗಾರರು ಹೇಳಿ ಹೋಗುವುದು ಕಡಲಿಗೆ ಮಾತ್ರವಲ್ಲ, ಬೊಬ್ಬರ್ಯನಿಗೂ. ಕರಾವಳಿಯ ಮೊಗವೀರರು ನಂಬಿದ ದೈವ. ಗಾಳಿ ಎದ್ದಾಗ ಬಾಯಿಗೆ ಬರುವ ಹೆಸರು. ಅವನ ಕಥೆ ಊರಿಂದ ಊರಿಗೆ ಬೇರೆ. ಮುಸ್ಲಿಂ ವ್ಯಾಪಾರಿಯ ಮನೆತನದವನು, ಹಡಗೇರಿ ಹೋದವನು, ಕಡಲ ಮೇಲಿನ ಕಾಳಗದಲ್ಲಿ ಸತ್ತು ದೈವವಾದವನು ಎಂಬುದು ಅದರಲ್ಲೊಂದು. ಕಡಲಲ್ಲೇ ಜೀವ ಕಳೆದುಕೊಂಡವನನ್ನು ಕಾವಲಿಗೆ ಕರೆಯುವುದು ಮೊದಲು ನನಗೆ ವಿಚಿತ್ರವಾಗಿ ಕಂಡಿತ್ತು. ಈಗೀಗ ಅನಿಸುತ್ತದೆ, ಮನೆಯವರು ದಂಡೆಯಲ್ಲಿ ಕಾಯುವುದೆಂದರೆ ಏನೆಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತಿದ್ದೀತು?