ಗದ್ದದ ಪಟ್ಟಿಯವರೆಗೆ: ಹೆಲ್ಮೆಟ್ ಸುರಕ್ಷತೆಯಲ್ಲಿ ಎಲೆಕ್ಟ್ರಾನಿಕ್ ತಂತ್ರಜ್ಞಾನ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಾಠ)



ಬೆಳಗಿನ ವೇಳೆ ಕಗ್ಗಲೀಪುರ, ಸೋಮನಹಳ್ಳಿಗಳ ಕಡೆಯಿಂದ ಕನಕಪುರ ರಸ್ತೆಯಲ್ಲಿ ನಗರದತ್ತ ಸಾಗುವ ದ್ವಿಚಕ್ರ ವಾಹನಗಳನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಊರು ಬಿಡುವಾಗ ಪೆಟ್ರೋಲ್ ಟ್ಯಾಂಕಿನ ಮೇಲೋ ಮೊಣಕೈಯಲ್ಲೋ ಇರುವ ಹೆಲ್ಮೆಟ್, ನೈಸ್ ರಸ್ತೆಯನ್ನು ದಾಟಿ ಜೆ.ಪಿ. ನಗರ, ಬನಶಂಕರಿಗಳು ಸಮೀಪಿಸುತ್ತಿದ್ದಂತೆ ತಲೆಗೇರುತ್ತದೆ. ಸಂಜೆ ಹಿಂದಿರುಗುವಾಗ ಹೆಚ್ಚುಕಡಿಮೆ ಅದೇ ಸ್ಥಳದಲ್ಲಿ ಕೆಳಗಿಳಿಯುತ್ತದೆ. ಕ್ಯಾಮೆರಾಗಳ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂಬುದನ್ನು ಸವಾರರು ಚೆನ್ನಾಗಿ ಬಲ್ಲರು. ಗ್ರಾಮ ಪಂಚಾಯಿತಿಗಳ ಮುಂದಿರುವ ಪ್ರಶ್ನೆ ಆ ಎಲ್ಲೆಯಿಂದ ಈಚೆಗಿನ ರಸ್ತೆಗಳದು.

ನಗರದಲ್ಲಿ ತಂತ್ರಜ್ಞಾನ ಮಾಡಿರುವ ಕೆಲಸ ಸಣ್ಣದಲ್ಲ. 2022ರ ಡಿಸೆಂಬರ್ ತಿಂಗಳಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಬುದ್ಧಿವಂತ ಸಂಚಾರ ನಿರ್ವಹಣಾ ವ್ಯವಸ್ಥೆ ಜಾರಿಗೆ ಬಂದಿತು. ನೋಂದಣಿ ಫಲಕವನ್ನು ಓದುವ 250 ಕ್ಯಾಮೆರಾಗಳೂ ಕೆಂಪು ದೀಪದ ಉಲ್ಲಂಘನೆಯನ್ನು ಹಿಡಿಯುವ 80 ಕ್ಯಾಮೆರಾಗಳೂ ಅದರಲ್ಲಿದ್ದವು. ಚಿತ್ರದಲ್ಲಿ ಸವಾರನ ತಲೆಯ ಭಾಗವನ್ನು ಗುರುತಿಸಿ ಹೆಲ್ಮೆಟ್ ಇದೆಯೇ ಇಲ್ಲವೇ ಎಂದು ಗಣಕವೇ ನಿರ್ಧರಿಸುತ್ತದೆ. ವಾಹನದ ಮಾಲೀಕರ ಮೊಬೈಲಿಗೆ ದಂಡದ ಸಂದೇಶ ಹೋಗುತ್ತದೆ. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು ಹೆಲ್ಮೆಟ್ ಧರಿಸದಿರುವುದಕ್ಕೆ 1,000 ರೂಪಾಯಿ ದಂಡವನ್ನೂ ಮೂರು ತಿಂಗಳ ಪರವಾನಗಿ ಅನರ್ಹತೆಯನ್ನೂ ವಿಧಿಸಿತು. ಕರ್ನಾಟಕ ಸರ್ಕಾರ ಅದೇ ವರ್ಷ ದಂಡವನ್ನು 500 ರೂಪಾಯಿಗೆ ಇಳಿಸಿತು. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂಬುದು ರಾಜ್ಯದಲ್ಲಿ 2016ರ ಜನವರಿಯಿಂದಲೇ ಜಾರಿಯಲ್ಲಿದೆ.

ಇಷ್ಟಾದರೂ, ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಾದ್ಯಂತ ಹೆಲ್ಮೆಟ್ ಧರಿಸದೆ ಮೃತಪಟ್ಟವರು 50,029 ಮಂದಿ. ಅವರಲ್ಲಿ 35,692 ಮಂದಿ ಚಾಲಕರು, 14,337 ಮಂದಿ ಹಿಂದೆ ಕುಳಿತವರು. ಈ ಎರಡನೆಯ ಸಂಖ್ಯೆಯನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಹಳ್ಳಿಯ ಮನೆಗಳಲ್ಲಿ ಹೆಲ್ಮೆಟ್ ಒಂದೇ ಇರುತ್ತದೆ, ಅದು ವಾಹನ ಓಡಿಸುವವನ ಪಾಲಿಗೆ ಹೋಗುತ್ತದೆ; ಹಿಂದೆ ಕುಳಿತ ತಾಯಿ ಅಥವಾ ಹೆಂಡತಿಯ ತಲೆಯ ಮೇಲೆ ಸೆರಗು ಮಾತ್ರ. ಹೆಲ್ಮೆಟ್ ಧಾರಣೆಯಿಂದ ಸಾವಿನ ಸಂಭವ ಶೇಕಡ 42ರಷ್ಟು, ತಲೆಪೆಟ್ಟಿನ ಸಂಭವ ಶೇಕಡ 69ರಷ್ಟು ತಗ್ಗುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ಪರಾಮರ್ಶೆ ತಿಳಿಸಿದೆ.

ಹಾಗಾದರೆ ಪಂಚಾಯಿತಿಯೂ ಕ್ಯಾಮೆರಾ ಹಾಕಿಸಬಹುದಲ್ಲವೇ ಎಂಬ ಸಲಹೆ ಸಹಜವಾಗಿ ಬರುತ್ತದೆ. ಕಳ್ಳತನ ತಡೆಗೆ ಹಾಕಿದ ಸಿಸಿಟಿವಿಯಿಂದ ಹೆಲ್ಮೆಟ್ ದಂಡ ವಿಧಿಸಲು ಬರುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿದ 167ಎ ನಿಯಮದಂತೆ, ಅಂಥ ಉಪಕರಣಕ್ಕೆ ಅನುಮೋದನಾ ಪ್ರಮಾಣಪತ್ರವಿರಬೇಕು, ಅದು ಪ್ರತಿವರ್ಷ ನವೀಕೃತವಾಗಬೇಕು, ರಸ್ತೆಯಲ್ಲಿ ಎಚ್ಚರಿಕೆಯ ಫಲಕವಿರಬೇಕು ಮತ್ತು ಉಲ್ಲಂಘನೆಯ 15 ದಿನಗಳೊಳಗೆ ನೋಟಿಸು ತಲುಪಬೇಕು. ಇದು ಪೊಲೀಸ್ ಮತ್ತು ಸಾರಿಗೆ ಇಲಾಖೆಗಳ ಕೆಲಸ. ಪಂಚಾಯಿತಿಯ ಅನುದಾನವನ್ನು ಅದಕ್ಕೆ ತೊಡಗಿಸುವುದು ವ್ಯರ್ಥ.

ಇನ್ನೊಂದು ಮಿತಿಯೂ ಉಂಟು. ತಲೆಯ ಮೇಲೆ ಹೆಲ್ಮೆಟ್ ಇದೆಯೆಂಬುದನ್ನು ಕ್ಯಾಮೆರಾ ಕಾಣಬಲ್ಲದು. ಗದ್ದದ ಪಟ್ಟಿ ಬಿಗಿದಿದೆಯೇ ಎಂಬುದನ್ನು ದೂರದಿಂದ ಕಾಣುವುದು ಬಲು ಕಷ್ಟ. ಪಟ್ಟಿ ಹಾಕದ ಹೆಲ್ಮೆಟ್ ಮೊದಲ ಹೊಡೆತಕ್ಕೇ ತಲೆಯಿಂದ ಹಾರಿಹೋಗುತ್ತದೆ. ಈ ಕೊರತೆಯನ್ನು ನೀಗಬಲ್ಲದು ಹೆಲ್ಮೆಟ್ಟಿನೊಳಗಿನ ತಂತ್ರಜ್ಞಾನ.

ಇಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಯೋಜನೆಗಳಲ್ಲಿ ‘ಸ್ಮಾರ್ಟ್ ಹೆಲ್ಮೆಟ್’ ಬಹಳ ಕಾಲದಿಂದ ಇದೆ. ಅದರ ರಚನೆ ಸರಳ. ಹೆಲ್ಮೆಟ್ಟಿನ ಒಳಮೈಯಲ್ಲಿ ತಲೆಯ ಇರುವಿಕೆಯನ್ನು ಗ್ರಹಿಸುವ ಸಂವೇದಕ, ಪಟ್ಟಿಯ ಕೊಂಡಿಯಲ್ಲಿ ಒಂದು ಪುಟ್ಟ ಸ್ವಿಚ್ಚು, ಅವುಗಳಿಗೆ ಜೋಡಿಸಿದ ರೇಡಿಯೊ ಪ್ರೇಷಕ. ವಾಹನದಲ್ಲಿ ಗ್ರಾಹಕ ಹಾಗೂ ಇಗ್ನಿಷನ್ ತಂತಿಗೆ ಕೂಡಿಸಿದ ರಿಲೇ. ಪಟ್ಟಿ ಬಿಗಿಯದಿದ್ದರೆ ಸಂಕೇತ ಬಾರದು, ಗಾಡಿ ಶುರುವಾಗದು. ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ.

ಆದರೆ ಪ್ರದರ್ಶನದ ಮೇಜಿನ ಮೇಲೆ ನಡೆಯುವುದೆಲ್ಲ ರಸ್ತೆಯಲ್ಲಿ ನಡೆಯುವುದಿಲ್ಲ. ಸಂಕೇತ ಕ್ಷಣಕಾಲ ಕಡಿದರೂ ಇಂಜಿನ್ ನಿಂತುಹೋಗುವಂತೆ ರಚಿಸಿದ ಸಾಧನವು, ಹಿಂದೆ ಲಾರಿ ಬರುತ್ತಿರುವಾಗ ಸವಾರನನ್ನು ನಡುರಸ್ತೆಯಲ್ಲಿ ನಿಲ್ಲಿಸಿಬಿಡುತ್ತದೆ. ಆದುದರಿಂದ ತಡೆ ಗಾಡಿ ಶುರುವಾಗುವಾಗ ಮಾತ್ರ ಇರಬೇಕು, ಓಡುತ್ತಿರುವಾಗ ಕೂಡದು. ಉಸಿರಿನ ಮದ್ಯಾಂಶ ಗ್ರಹಿಸುವ ಅಗ್ಗದ ಸಂವೇದಕವು ಬ್ಯಾಟರಿಯನ್ನು ಬೇಗ ಬರಿದುಮಾಡುತ್ತದೆ, ಸ್ಯಾನಿಟೈಸರ್ ವಾಸನೆಗೂ ಮೋಸಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಲ್ಮೆಟ್ಟಿನೊಳಗಿನ ಥರ್ಮಾಕೋಲಿನಂಥ ಪದರವೇ ಹೊಡೆತವನ್ನು ಹೀರಿಕೊಳ್ಳುವಂಥದ್ದು. ತಂತಿ ಹಾಯಿಸಲು ಅದನ್ನು ಕೊರೆದರೆ, ಚಿಪ್ಪಿಗೆ ರಂಧ್ರ ಮಾಡಿದರೆ, ಪರೀಕ್ಷೆಗೊಳಪಟ್ಟ ಹೆಲ್ಮೆಟ್ ಅದಾಗಿ ಉಳಿಯುವುದಿಲ್ಲ. ಊರಿನ ಉತ್ಸಾಹಿ ಯುವಕರು ಇಂಥ ಪ್ರಯೋಗಕ್ಕೆ ಪಂಚಾಯಿತಿಯ ನೆರವು ಕೇಳಿದಾಗ ಈ ಒಂದು ಮಾತನ್ನು ಮೊದಲು ಹೇಳಬೇಕು.

ಬಿದ್ದೊಡನೆ ಸಂದೇಶ ಕಳುಹಿಸುವ ಹೆಲ್ಮೆಟ್ಟಿನ ಉಪಯೋಗ ಹಳ್ಳಿಗಾಡಿನಲ್ಲೇ ಹೆಚ್ಚು. ರಾತ್ರಿ ಹೊತ್ತು ತೋಟದ ದಾರಿಯಲ್ಲಿ ಬಿದ್ದವನನ್ನು ನೋಡುವವರು ಯಾರು? ವೇಗದ ಹಠಾತ್ ಬದಲಾವಣೆಯನ್ನು ಅಳೆದು, ಸ್ಥಳದ ವಿವರವನ್ನು ಮನೆಯವರಿಗೆ ರವಾನಿಸುವುದು ಇದರ ಕ್ರಮ. ಕೈಜಾರಿ ಬಿದ್ದ ಹೆಲ್ಮೆಟ್ಟೂ ಸುಳ್ಳು ಕರೆ ಮಾಡಬಹುದಾದ್ದರಿಂದ ರದ್ದುಗೊಳಿಸುವ ಗುಂಡಿ ಅಗತ್ಯ. ಮೊಬೈಲ್ ಸಂಕೇತವಿಲ್ಲದೆಡೆ ಇದು ನಿರುಪಯುಕ್ತ. ಇಷ್ಟೆಲ್ಲ ಇದ್ದರೂ ಗಾಯಾಳುವನ್ನು ಎತ್ತುವುದು ಮನುಷ್ಯರೇ. 108 ಅಥವಾ 112ಕ್ಕೆ ಕರೆ ಮಾಡಿ ನೆರವಾದವರನ್ನು ಕಾನೂನು ರಕ್ಷಿಸುತ್ತದೆ. 2025ರ ಮೇ ತಿಂಗಳಲ್ಲಿ ಅಧಿಸೂಚಿತವಾದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ದೊರೆಯಬೇಕು. ಈ ವಿಷಯ ಗ್ರಾಮಸಭೆಗಳಲ್ಲಿ ಇನ್ನೂ ಸಾಕಷ್ಟು ಪ್ರಚಾರಗೊಂಡಿಲ್ಲ.

ಮಾರುಕಟ್ಟೆಯಲ್ಲಿಯೂ ಬದಲಾವಣೆ ಬರುತ್ತಿದೆ. ಬನ್ನೇರುಘಟ್ಟ ರಸ್ತೆಯಲ್ಲಿ ಕಚೇರಿ ಹೊಂದಿರುವ ಏಥರ್ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಪರಿಚಯಿಸಿದ ಹೇಲೋ ಹೆಲ್ಮೆಟ್, ತನ್ನನ್ನು ಧರಿಸಲಾಗಿದೆಯೇ ಎಂಬುದನ್ನು ತಾನೇ ಗ್ರಹಿಸುತ್ತದೆ. ಆದರೆ ಅದರ ಬೆಲೆ ಹತ್ತು ಸಾವಿರ ರೂಪಾಯಿಗಳನ್ನು ಮೀರುತ್ತದೆ. ಡೇರಿಗೆ ಹಾಲಿನ ಕ್ಯಾನು ಹೊತ್ತೊಯ್ಯುವ ರೈತನ ಕೈಗೆ ಅದು ಇಂದು ಎಟುಕದು.

ಎಟುಕುವ ಎಲೆಕ್ಟ್ರಾನಿಕ್ ಸಾಧನ ಆತನ ಜೇಬಿನಲ್ಲೇ ಇದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟಿನ ತಯಾರಿಕೆ ಹಾಗೂ ಮಾರಾಟ ನಿಷಿದ್ಧ. ಆದರೂ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಹೆಲ್ಮೆಟ್‌ಗಳ ಮೇಲೆ ನಕಲಿ ಗುರುತು ಇರಬಹುದು. ನಿಜವಾದ ಗುರುತಿನ ಮೇಲ್ಭಾಗದಲ್ಲಿ ಐಎಸ್ 4151 ಎಂದೂ ಕೆಳಗೆ ಸಿಎಂ/ಎಲ್ ಅಕ್ಷರಗಳ ಮುಂದೆ ಪರವಾನಗಿ ಸಂಖ್ಯೆಯೂ ಇರುತ್ತದೆ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ನಮೂದಿಸಿದರೆ ತಯಾರಕರ ಹೆಸರೂ ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದೂ ತಿಳಿಯುತ್ತದೆ. ಹೆಸರು ಹೊಂದದಿದ್ದರೆ ಅದೇ ಆ್ಯಪ್‌ನಲ್ಲಿ ದೂರು ದಾಖಲಿಸಬಹುದು.

ಮುಂದಿನ ಗ್ರಾಮಸಭೆಯ ದಿನ ಗ್ರಂಥಾಲಯದ ಮುಂದೆ ಒಂದು ಮೇಜು ಹಾಕಿ, ಬಂದವರ ಹೆಲ್ಮೆಟ್‌ಗಳ ಸಂಖ್ಯೆಯನ್ನು ಹೀಗೆ ಪರಿಶೀಲಿಸಿಕೊಡಲು ಖರ್ಚೇನೂ ಇಲ್ಲ. ಹೆಣ್ಣುಮಕ್ಕಳ ಹೆಲ್ಮೆಟ್ ಎಷ್ಟು ಬಂದಿವೆಯೆಂಬುದನ್ನು ಪ್ರತ್ಯೇಕವಾಗಿ ಬರೆದಿಡುವುದು ಒಳಿತು. ಹೊಸ ದ್ವಿಚಕ್ರ ವಾಹನದೊಂದಿಗೆ ಹೆಲ್ಮೆಟ್ ಒದಗಿಸುವುದು ತಯಾರಕರ ಹೊಣೆಯೆಂದು ಕೇಂದ್ರ ನಿಯಮಗಳಲ್ಲಿಯೇ ಇದೆ. ಕೊಡದ ಮಾರಾಟಗಾರರ ವಿಷಯವನ್ನು ಸಾರಿಗೆ ಕಚೇರಿಗೆ ತಿಳಿಸಬಹುದು. ವ್ಯಾಪಾರ ಪರವಾನಗಿ ನೀಡುವಾಗ ಹೆಲ್ಮೆಟ್ ಮಾರುವ ಅಂಗಡಿಗೆ ಗುಣಮಟ್ಟದ ಆದೇಶವನ್ನು ಲಿಖಿತವಾಗಿ ನೆನಪಿಸಬಹುದು. ಪಂಚಾಯಿತಿಯ ಬಿಲ್ ಕಲೆಕ್ಟರ್ ಮತ್ತು ನೀರುಗಂಟಿಗಳು ದಿನವಿಡೀ ಬೈಕಿನಲ್ಲೇ ಓಡಾಡುವವರು. ಅವರ ಹೆಲ್ಮೆಟ್‌ಗಳನ್ನು ಮೊದಲು ಆ ಮೇಜಿನ ಮೇಲಿಡಬೇಕು, ಸದಸ್ಯರ ಹೆಲ್ಮೆಟ್‌ಗಳ ಜೊತೆಯಲ್ಲಿಯೇ.