ದಂಡಿನ ಕರಣಿಕನ ಕಾಯಕ



ನಮ್ಮ ದೇಶದಲ್ಲಿ ಸೈನ್ಯವನ್ನು ಸೇರುವುದು ಅವರವರ ಇಚ್ಛೆಗೆ ಬಿಟ್ಟ ವಿಷಯ. ಎಲ್ಲ ದೇಶಗಳಲ್ಲಿಯೂ ಹೀಗಿಲ್ಲ. ಸಿಂಗಪುರವೆಂಬುದು ನಮ್ಮ ಒಂದು ತಾಲ್ಲೂಕಿನಷ್ಟು ವಿಸ್ತಾರವುಳ್ಳ ದ್ವೀಪರಾಷ್ಟ್ರ. 1965ರಲ್ಲಿ ಅದು ಮಲೇಷ್ಯದಿಂದ ಬೇರೆಯಾದಾಗ ತನ್ನನ್ನು ಕಾಯ್ದುಕೊಳ್ಳುವಷ್ಟು ಸೈನ್ಯ ಅದಕ್ಕಿರಲಿಲ್ಲ. ಆದ್ದರಿಂದ 1967ರಲ್ಲಿ ಕಾನೂನು ಮಾಡಿ, 18 ವರ್ಷ ತುಂಬಿದ ಗಂಡುಮಕ್ಕಳು ರಾಷ್ಟ್ರಸೇವೆಗೆ ಬರಲೇಬೇಕೆಂದು ವಿಧಿಸಿದರು. ಈಗ ಅದು 2 ವರ್ಷಗಳ ಪೂರ್ಣಾವಧಿ ಸೇವೆ. ಅದು ಮುಗಿದು ಉದ್ಯೋಗಕ್ಕೆ ಸೇರಿದ ಮೇಲೂ ಹಲವು ವರ್ಷಗಳ ತನಕ ಕರೆ ಬಂದಾಗ ಹೋಗಬೇಕು. ಅಲ್ಲಿ ನೆಲಸಿ ಕಾಯಂ ವಾಸದ ಪರವಾನಗಿ ಪಡೆದ ನಮ್ಮ ಕನ್ನಡಿಗರ ಮಕ್ಕಳಿಗೂ ಇದು ತಪ್ಪಿದ್ದಲ್ಲ.

ಕಳೆದ ಕಾರ್ತಿಕ ಮಾಸದಲ್ಲಿ ಅಂತಹ ಒಂದು ಕುಟುಂಬ ಶ್ರೀಮಠಕ್ಕೆ ಬಂದಿತ್ತು. ತಾಯಿಯೇ ಮೊದಲು ಮಾತೆತ್ತಿದರು. "ಬುದ್ಧಿ, ನಮ್ಮ ಹುಡುಗನಿಗೆ ಚಿಕ್ಕಂದಿನಿಂದ ಉಬ್ಬಸ. ವೈದ್ಯರು ಪರೀಕ್ಷೆ ಮಾಡಿ ಕಚೇರಿ ಕೆಲಸಕ್ಕೆ ಹಾಕಿದ್ದಾರೆ. ಊರಲ್ಲಿ ಇವನ ತಾತನವರು ಮೊಮ್ಮಗ ಸೈನಿಕನಾದ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದಾರೆ. ಈಗ ಇವನು ಗುಮಾಸ್ತ" ಎಂದರು. ಹುಡುಗ ಕಂಬದ ಬಳಿ ತಲೆ ತಗ್ಗಿಸಿ ನಿಂತಿದ್ದ. ನಿನ್ನ ಕೆಲಸವೇನಪ್ಪಾ ಎಂದು ನಾವು ಕೇಳಿದೆವು. ರಜೆಯ ದಾಖಲೆ ಇಡುವುದು, ಯಾರು ಆಸ್ಪತ್ರೆಗೆ ಹೋದರು, ಯಾರು ತರಬೇತಿಗೆ ಹೋದರು, ಯಾರು ಹಿಂದಿರುಗಿದರು ಎಂದು ಬರೆಯುವುದು. "ಇಷ್ಟೇ ಬುದ್ಧಿ" ಎಂದ. ಆ "ಇಷ್ಟೇ" ಎಂಬ ಮಾತಿನ ಮೇಲೆಯೇ ಇಂದು ಎರಡು ಮಾತು ಹೇಳಬೇಕೆನಿಸಿದೆ.

ಕೌಟಿಲ್ಯನ ಅರ್ಥಶಾಸ್ತ್ರ ಬಹುಕಾಲ ಹೆಸರಿನಲ್ಲಿ ಮಾತ್ರ ಉಳಿದಿದ್ದ ಗ್ರಂಥ. ಅದರ ಓಲೆಗರಿ ದೊರೆತದ್ದು ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಪಂಡಿತ ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ಅದು ರಾಜ್ಯ, ದುರ್ಗ, ಯುದ್ಧಗಳ ಗ್ರಂಥವೇ ಹೌದು. ಆದರೆ ತೆರೆದು ನೋಡಿದರೆ ಲೆಕ್ಕದ ಕಚೇರಿಗೆ, ಅದರ ಹೆಸರು ಅಕ್ಷಪಟಲ, ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಲೆಕ್ಕದ ವರ್ಷವೆಂದರೆ 354 ದಿನ, ಆಷಾಢದ ಹುಣ್ಣಿಮೆಗೆ ಅದು ಮುಗಿಯಬೇಕು ಎಂದು ನಿಗದಿ ಮಾಡಿದ್ದಾನೆ. ಕುದುರೆಯ ದಂಡಿನ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ ಸವಾರಿಯ ಮಾತು ಮೊದಲು ಬರುವುದಿಲ್ಲ. ಪ್ರತಿಯೊಂದು ಕುದುರೆಯ ಕುಲ, ವಯಸ್ಸು, ಬಣ್ಣ, ಮೈಮೇಲಿನ ಗುರುತು, ಎಲ್ಲಿಂದ ಬಂತು ಎಂಬುದನ್ನು ಬರೆಸಿಡಬೇಕು ಎಂಬುದೇ ಮೊದಲ ಮಾತು. ಇನ್ನು ಲೇಖಕನಾಗುವವನಿಗೆ ಅಮಾತ್ಯನಿಗೆ ಇರಬೇಕಾದ ಗುಣಗಳೇ ಇರಬೇಕು, ಅಕ್ಷರ ಚೆನ್ನಾಗಿರಬೇಕು ಎನ್ನುತ್ತಾನೆ. ಮಂತ್ರಿಗೂ ಗುಮಾಸ್ತನಿಗೂ ಒಂದೇ ಅಳತೆಗೋಲು! ಕೌಟಿಲ್ಯ ಮೃದು ಹೃದಯದವನೇನಲ್ಲ. ಲೆಕ್ಕ ಕೆಟ್ಟರೆ ದಂಡು ಕೆಡುತ್ತದೆ ಎಂದು ಅವನು ಅರಿತಿದ್ದ, ಅಷ್ಟೇ.

ನಮ್ಮ ಪರಂಪರೆಗೆ ಬನ್ನಿ. ಬಸವಣ್ಣನವರನ್ನು ನಾವು ಭಕ್ತಿಭಂಡಾರಿ ಎನ್ನುತ್ತೇವೆ. ಆ ಭಂಡಾರಿಯ ಪದವಿಗೆ ಮೊದಲು ಅವರು ಏನಾಗಿದ್ದರು? ಕರಣಿಕರಾಗಿದ್ದರು. ಮಂಗಳವಾಡದಲ್ಲಿ ಗಣಕರು ಹಾಕುತ್ತಿದ್ದ ಲೆಕ್ಕದಲ್ಲಿ ತಪ್ಪು ಕಂಡು ಹೇಳಿದ್ದರಿಂದಲೇ ಅವರಿಗೆ ಆ ಉದ್ಯೋಗ ದೊರೆಯಿತೆಂದು ಹರಿಹರ ಕವಿ ರಗಳೆಯಲ್ಲಿ ವರ್ಣಿಸಿದ್ದಾನೆ. ಮುಂದೆ ಬಿಜ್ಜಳನ ಬಳಿ ಚಾಡಿಕೋರರು ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಎಂದು ದೂರಿದಾಗ, ಭಂಡಾರವನ್ನು ತೆರೆದು ಎಣಿಸಿದರು. ಒಂದು ಕಾಸೂ ಕಡಮೆ ಬರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಇದನ್ನು ಪವಾಡವೆಂದು ಕೇಳಿ ಕೈಮುಗಿಯುವವರು ಬಹಳ ಜನ. ಶುದ್ಧವಾದ ಲೆಕ್ಕವೆಂದು ಕೇಳಿದರೂ ಬಸವಣ್ಣನವರ ಮಹಿಮೆಗೆ ಕೊರತೆಯೇನಿಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆಲ್ಲ ಗೊತ್ತು. ಒಂದು ದಿನ ಅಕ್ಕಿ ಹೆಚ್ಚಾಗಿ ಬಂದಾಗ ಲಕ್ಕಮ್ಮ ತಾಯಿ ಅದನ್ನು ಒಲೆಗೆ ಏರಿಸಲಿಲ್ಲ, ತಂದಲ್ಲಿಗೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ಕಡಮೆ ಬಂದರೆ ಮಾತ್ರ ಲೆಕ್ಕ ತಪ್ಪಿತೆಂದು ನಾವು ತಿಳಿಯುತ್ತೇವೆ. ಹೆಚ್ಚು ಬಂದದ್ದೂ ತಪ್ಪು ಲೆಕ್ಕವೇ ಎಂದು ಆ ತಾಯಿಗೆ ತಿಳಿದಿತ್ತು.

ಇಲ್ಲಿ ಬುದ್ಧಿವಂತರು ಒಂದು ಆಕ್ಷೇಪ ಎತ್ತಬಹುದು. ಕಾಯಕವೆಂದರೆ ಮನಸಾರೆ ಮಾಡುವಂಥದು. ಕಾನೂನು ಹಿಡಿದೆಳೆದು ಕೂರಿಸಿದ ಕೆಲಸ ಕಾಯಕ ಹೇಗಾದೀತು? ಆಕ್ಷೇಪ ಸರಿಯಾದುದೇ. ಆದರೆ ಶರಣರಲ್ಲಿ ಎಷ್ಟು ಜನ ತಮ್ಮ ಕೆಲಸವನ್ನು ತಾವೇ ಆರಿಸಿಕೊಂಡಿದ್ದರು? ಮಡಿವಾಳ ಮಾಚಯ್ಯನವರಿಗೆ ಬಟ್ಟೆ ಒಗೆಯುವ ಕಲ್ಲು, ಅಂಬಿಗರ ಚೌಡಯ್ಯನವರಿಗೆ ದೋಣಿ, ಹರಳಯ್ಯನವರಿಗೆ ತೊಗಲು ಇವನ್ನು ಕೊಟ್ಟದ್ದು ಹುಟ್ಟಿದ ಮನೆ. ಆ ಕಾಲದ ಸಮಾಜ ಹೇರಿದ ನೊಗ ಈ 2 ವರ್ಷದ ಕಾನೂನಿಗಿಂತ ಎಷ್ಟೋ ಭಾರವಾದದ್ದು. ಕೆಲಸ ಅವರ ಕೈಯಲ್ಲಿರಲಿಲ್ಲ. ಅದನ್ನು ಮಾಡುವ ಬಗೆ ಅವರ ಕೈಯಲ್ಲಿತ್ತು. ಅದರಿಂದಲೇ ಅವರು ಅರಸನ ಎದುರಿಗೂ ತಲೆಯೆತ್ತಿ ನಿಂತರು.

ಆ ಹುಡುಗನಿಗೆ ನಾವು ಹೇಳಿದ್ದು ಇಷ್ಟು. ಅಪ್ಪಾ, ನಿನ್ನ ದಾಖಲೆಯ ಒಂದೊಂದು ಸಾಲೂ ಒಬ್ಬೊಬ್ಬ ತಾಯಿಯ ಮಗ. ಇವನ ರಕ್ತದ ಗುಂಪು ಯಾವುದು, ಇಂಥ ಔಷಧಿ ಇವನ ಮೈಗೆ ಒಗ್ಗುವುದಿಲ್ಲ ಎಂಬುದು ಕಾಗದದಲ್ಲಿ ತಪ್ಪಾದರೆ ವೈದ್ಯನ ಕೈಯೂ ತಪ್ಪುತ್ತದೆ. 50 ಜನ ಕಾಡಿಗೆ ಹೋಗಿ 49 ಜನ ಹಿಂದಿರುಗಿದರೆ ಒಬ್ಬ ಕಡಮೆ ಎಂದು ಮೊದಲು ಗೊತ್ತಾಗುವುದು ಎಣಿಸಿ ಬರೆಯುವವನಿಗೆ. ಯಾರದೋ ಮನೆಯಲ್ಲಿ ತಾಯಿಗೆ ಕಾಯಿಲೆಯೆಂದರೆ ಅವನ ರಜೆಯ ಚೀಟಿಯನ್ನು ನಾಳೆಗೆ ಇಡಬೇಡ. ಬಂದೂಕು ಹಿಡಿದವನು ನಿನ್ನ ಮೇಜಿನ ಮುಂದೆ ನಿಂತಾಗ ಅವನನ್ನು ಸುಮ್ಮನೆ ಕಾಯಿಸಿ ಸೇಡು ತೀರಿಸಿಕೊಳ್ಳಬೇಡ. ಗುಮಾಸ್ತರಿಗೆ ಈ ಚಪಲ ಇರುತ್ತದೆ, ನಾವು ಕಂಡಿದ್ದೇವೆ. ಇನ್ನೊಂದು. ಮೇಲಿನವರ ಅಪ್ಪಣೆಯಂತೆ ನಡೆಯುವುದು ದಂಡಿನ ಧರ್ಮ. ಆದರೆ ಇಲ್ಲದವನನ್ನು ಇದ್ದಾನೆ ಎಂದು ಬರೆ, ಆಗದ್ದನ್ನು ಆಯಿತೆಂದು ಬರೆ ಎಂದು ಯಾರಾದರೂ ಹೇಳಿದರೆ, ಅಲ್ಲಿ ಲೇಖನಿಯನ್ನು ಕೆಳಗಿಡು. ಆ ದಿನ ನಿನಗೂ ಧೈರ್ಯ ಬೇಕಾಗುತ್ತದೆ.

ಹುಡುಗನಿಗಿಂತ ಅವನ ಮನೆಯವರಿಗೆ ಹೇಳಬೇಕಾದದ್ದೇ ಹೆಚ್ಚಿತ್ತು. ಮಕ್ಕಳ ಹುದ್ದೆಯನ್ನು ಮದುವೆಯ ಚಪ್ಪರದಲ್ಲಿ ನಿಂತು ಸಾರುವುದು ನಮ್ಮವರಿಗೆ ಅಭ್ಯಾಸವಾಗಿಬಿಟ್ಟಿದೆ. ಸಾರಲು ಬಾರದ ಹುದ್ದೆಯಾದರೆ ದನಿ ತಗ್ಗುತ್ತದೆ. ಹೆತ್ತವರ ದನಿ ತಗ್ಗಿದ್ದನ್ನು ಕೇಳಿಯೇ ಮಗ ತಲೆ ತಗ್ಗಿಸುವುದನ್ನು ಕಲಿಯುತ್ತಾನೆ. ಊರಿನ ಆ ಹಿರಿಯರಿಗೆ ನಾವು ಹೇಳಿ ಕಳಿಸಿದೆವು: ಮೊಮ್ಮಗ ದಂಡಿನ ಕರಣಿಕನಾಗಿದ್ದಾನೆಂದು ಧಾರಾಳವಾಗಿ ಹೇಳಿಕೊಳ್ಳಿ, ಅದು ಬಸವಣ್ಣನವರು ಮಾಡಿದ ಕೆಲಸ.

ದೂರದ ಸಿಂಗಪುರದ ಮಾತೇಕೆ, ಶ್ರೀಮಠದ ಜಾತ್ರೆಯನ್ನೇ ನೋಡಿ. ದಾಸೋಹದಲ್ಲಿ ಬಡಿಸಿದವರಿಗೆ ಹಾರ ಹಾಕುತ್ತೇವೆ. ಎಷ್ಟು ಎಲೆಗೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂದು ಹಿಂದಿನ ರಾತ್ರಿಯೆಲ್ಲ ಕುಳಿತು ಲೆಕ್ಕ ಹಾಕಿದವರು, ಹಾರ ಹಾಕುವ ಹೊತ್ತಿನಲ್ಲಿ ಇನ್ನೂ ಉಗ್ರಾಣದ ಒಳಗೇ ಇರುತ್ತಾರೆ. ಬರುವ ಜಾತ್ರೆಯಲ್ಲಿ ಅವರನ್ನೂ ವೇದಿಕೆಗೆ ಕರೆತರಬೇಕೆಂದು ವ್ಯವಸ್ಥಾಪಕರಿಗೆ ತಿಳಿಸಿದ್ದೇವೆ.